ಮಯೂರಶರ್ಮ ರಾಜ್ಯವನ್ನು ಗೆದ್ದನೇ, ಪಲ್ಲವರು ಕೊಟ್ಟರೇ?

ಪ್ರಶ್ನೆ ಕೇಳಿದವರು: ಸಮಾಜಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಕದಂಬರ ಪಾಠವಿತ್ತು. ಕಂಚಿಗೆ ಓದಲು ಹೋದ ಮಯೂರಶರ್ಮ ಅಲ್ಲಿ ಅವಮಾನಕ್ಕೆ ಗುರಿಯಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು, ಪಲ್ಲವರನ್ನು ಸೋಲಿಸಿ ಬನವಾಸಿಯಲ್ಲಿ ರಾಜ್ಯ ಕಟ್ಟಿದ ಕಥೆಯನ್ನು ಎಂದಿನ ಉತ್ಸಾಹದಿಂದಲೇ ಹೇಳಿದೆ. ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಪಲ್ಲವರನ್ನು ಸೋಲಿಸಿದ್ದರೆ ಅವನು ಕಂಚಿಯಲ್ಲೇ ರಾಜನಾಗಬೇಕಿತ್ತಲ್ಲ, ಅಷ್ಟು ದೂರದ ಬನವಾಸಿಗೆ ಯಾಕೆ ಬಂದ?" ಎಂದು ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆ ಎಂದು ಅವಳನ್ನು ಕೂರಿಸಿದೆ.

ಮನೆಗೆ ಬಂದು ಭೂಪಟ ತೆಗೆದು ನೋಡಿದಾಗ ಗೊಂದಲ ಇನ್ನೂ ಹೆಚ್ಚಾಯಿತು. ಅವನು ಹೋರಾಡಿದ ಶ್ರೀಪರ್ವತ, ಅಂದರೆ ಇಂದಿನ ಶ್ರೀಶೈಲದ ಕಾಡು, ಪೂರ್ವದ ಕಡೆಗಿದೆ. ಆಳಿದ ಬನವಾಸಿ ಪಶ್ಚಿಮಘಟ್ಟದ ಮಗ್ಗುಲಲ್ಲಿ, ವರದಾ ನದಿಯ ದಂಡೆಯ ಮೇಲಿದೆ. ಇದರ ಜೊತೆಗೆ ಪಲ್ಲವರೇ ಅವನಿಗೆ ಪಟ್ಟ ಕಟ್ಟಿದರು ಎಂಬ ಮಾತನ್ನೂ ಒಂದೆಡೆ ಓದಿದೆ. ಸೋತವರು ಗೆದ್ದವನಿಗೆ ಪಟ್ಟ ಕಟ್ಟುವುದೆಂದರೇನು? ಅವನನ್ನು ರಾಜವಂಶ ಸ್ಥಾಪಿಸಿದ ವಿಜೇತನೆಂದು ಕರೆಯಬೇಕೇ, ಪಲ್ಲವರ ಸಾಮಂತನಾಗಿ ಆರಂಭಿಸಿದವನೆಂದು ಕರೆಯಬೇಕೇ? ನಮ್ಮಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವ ಮಯೂರ ಚಲನಚಿತ್ರದ ಮಯೂರ. ಕಲ್ಲಿನ ಮೇಲಿರುವ ಮಯೂರ ಯಾರು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಶಾಸನಾಸಕ್ತ

ಮೇಡಂ, ಆ ಹುಡುಗಿ ಕೇಳಿದ್ದು ಕದಂಬರ ಚರಿತ್ರೆಯ ನಟ್ಟನಡುವಿನ ಪ್ರಶ್ನೆ. ಅದಕ್ಕೆ ಉತ್ತರ ತಾಳಗುಂದದ ಕಂಬದಲ್ಲೇ ಇದೆ. ಆ ಶಾಸನದ ಅರ್ಧವನ್ನಷ್ಟೇ ಓದಿ, ಉಳಿದರ್ಧವನ್ನು ಬಿಡುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಆ ಕಂಬಕ್ಕೆ ಎಂಟು ಮುಖಗಳು. ಅಕ್ಷರದ ಸಾಲುಗಳು ಅಡ್ಡಲಾಗಿ ಓಡದೆ ಕಂಬದ ಉದ್ದಕ್ಕೆ ನೆಟ್ಟಗೆ ಸಾಗುತ್ತವೆ. ಆದ್ದರಿಂದ ಓದುವವರು ಕತ್ತು ವಾಲಿಸಿಕೊಂಡು, ಒಂದು ಮುಖ ಮುಗಿದೊಡನೆ ಇನ್ನೊಂದಕ್ಕೆ ಸರಿಯುತ್ತಾ, ಕಂಬಕ್ಕೆ ಪ್ರದಕ್ಷಿಣೆ ಹಾಕಿದಂತೆ ಸುತ್ತಬೇಕಾಗುತ್ತದೆ. ಭಾಷೆ ಸಂಸ್ಕೃತ, ಪದ್ಯಗಳು 34, ಕವಿಯ ಹೆಸರು ಕುಬ್ಜ. ಬರೆಸಿದವನು ಮಯೂರಶರ್ಮನಲ್ಲ, ಅವನ ಮರಿಮಗನಾದ ಕಾಕುಸ್ಥವರ್ಮನ ಮಗ ಶಾಂತಿವರ್ಮ. ಅಂದರೆ ಘಟನೆ ನಡೆದು ಸುಮಾರು ನೂರು ವರ್ಷ ಕಳೆದ ಮೇಲೆ, ಆಗಲೇ ಬೇರೂರಿದ್ದ ಅರಸುಮನೆತನವೊಂದು ತನ್ನ ಮೂಲಪುರುಷನನ್ನು ನೆನೆದುಕೊಂಡ ಬಗೆ ಇದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಕುಬ್ಜ ಹೇಳುವಂತೆ ಈ ಮನೆತನ ಮಾನವ್ಯ ಗೋತ್ರದ್ದು, ವೇದಾಧ್ಯಯನ ಮತ್ತು ಯಜ್ಞಗಳಲ್ಲಿ ತೊಡಗಿದ್ದು. ಮನೆಯ ಬಳಿ ಬೆಳೆದಿದ್ದ ಕದಂಬ ಮರವನ್ನು ಅಕ್ಕರೆಯಿಂದ ಸಾಕಿದ್ದರಿಂದ ಆ ಹೆಸರು ಬಂತು. ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಪಲ್ಲವರ ರಾಜಧಾನಿಗೆ ಹೋಗಿ, ಸಮಸ್ತ ವೇದವನ್ನು ಕಲಿಯುವ ಹಂಬಲದಿಂದ ಅಲ್ಲಿನ ಘಟಿಕಾಸ್ಥಾನವನ್ನು, ಅಂದರೆ ಉನ್ನತ ವಿದ್ಯಾಕೇಂದ್ರವನ್ನು, ಸೇರಿದ. ಅಲ್ಲಿ ಪಲ್ಲವರ 'ಅಶ್ವಸಂಸ್ಥ'ನೊಡನೆ ತೀವ್ರ ಕಲಹವಾಯಿತು. ಇದನ್ನು ಕುದುರೆ ಸವಾರ ಎಂದು ಅರ್ಥಮಾಡುವುದೇ ರೂಢಿ. ಅಶ್ವಮೇಧಕ್ಕೆ ಸಂಬಂಧಿಸಿದ ಜಗಳವಿರಬಹುದೆಂದವರೂ ಇದ್ದಾರೆ. ಜಗಳ ಯಾವುದಕ್ಕೆ ಎಂಬುದನ್ನು ಕಂಬ ಹೇಳುವುದಿಲ್ಲ. ಹೇಳುವುದು ಆ ಯುವಕನ ಮನಸ್ಸಿನ ಕುದಿತವನ್ನು: ಗುರುಕುಲಗಳನ್ನು ಸೇವಿಸಿ, ಶ್ರಮಪಟ್ಟು ತನ್ನ ಶಾಖೆಯನ್ನು ಓದಿದ ಮೇಲೂ ಬ್ರಹ್ಮಸಿದ್ಧಿ ಎನ್ನುವುದು ಅರಸನ ಕೈಯಲ್ಲಿರುವುದಾದರೆ ಇದಕ್ಕಿಂತ ದುಃಖ ಇನ್ನೇನಿದೆ ಎಂದು ಅವನು ಮರುಗುತ್ತಾನೆ. ದರ್ಭೆ, ಸಮಿತ್ತು, ಅರೆಯುವ ಕಲ್ಲು, ಹೋಮದ ಹುಟ್ಟು, ತುಪ್ಪ, ಚರು ಇವುಗಳನ್ನು ಹಿಡಿದು ಪಳಗಿದ್ದ ಕೈ ಹೊಳೆಯುವ ಆಯುಧವನ್ನು ಹಿರಿಯಿತು ಎಂಬ ಪದ್ಯ ಬರುವುದು ಇದಾದ ಮೇಲೆಯೇ. ನಾವೆಲ್ಲ ಬರಿಯ ದರ್ಭೆಯನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ. ಆದರೆ ಒಬ್ಬ ವೈದಿಕನ ದಿನನಿತ್ಯದ ಸಲಕರಣೆಗಳನ್ನು ಒಂದೊಂದಾಗಿ ಎಣಿಸಿ, ಆ ಎಣಿಕೆಯ ಕೊನೆಗೆ ಕತ್ತಿಯನ್ನು ತಂದಿರಿಸಿದ ಕವಿಯ ಕೈಚಳಕ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ.

ಮುಂದಿನದು ಯುದ್ಧದ ಭಾಗ. ಅವನು ಮೊದಲು ಸೋಲಿಸಿದ್ದು ಪಲ್ಲವ ರಾಜನನ್ನಲ್ಲ, ಪಲ್ಲವರ ಗಡಿ ಕಾಯುವ ಅಂತಪಾಲರನ್ನು. ಬಳಿಕ ಶ್ರೀಪರ್ವತದ ಬಾಗಿಲವರೆಗೂ ಹಬ್ಬಿದ್ದ ದುರ್ಗಮವಾದ ಕಾಡನ್ನು ಸೇರಿಕೊಂಡು, ಬೃಹದ್ಬಾಣರೇ ಮೊದಲಾದ ಹಲವು ಅರಸರಿಂದ ಕಪ್ಪ ವಸೂಲು ಮಾಡಿದ. ಕಂಚಿಯ ಅರಸರು ದಂಡೆತ್ತಿ ಬಂದಾಗ, ಅವರ ಸೈನ್ಯ ಒರಟು ನೆಲದಲ್ಲಿ ನಡೆಯುತ್ತಿರುವಾಗಲೋ ಬೀಡುಬಿಟ್ಟಿರುವಾಗಲೋ ರಾತ್ರಿಯ ಹೊತ್ತು ಗಿಡುಗನಂತೆ ಎರಗಿದ. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದು ಗೆರಿಲ್ಲಾ ಯುದ್ಧ. ದೊಡ್ಡ ಸೈನ್ಯವನ್ನು ಬಯಲಿನಲ್ಲಿ ಎದುರಿಸುವ ಬಲ ಅವನಿಗಿರಲಿಲ್ಲ ಎಂಬುದನ್ನು ಶಾಸನ ಮುಚ್ಚಿಡುವುದಿಲ್ಲ. ತನ್ನ ತೋಳಿನ ಕತ್ತಿಯೊಂದನ್ನೇ ನಂಬಿ ಆ ಆಪತ್ತನ್ನು ತಾಳಿಕೊಂಡ ಎಂದೇ ಬರೆಯುತ್ತದೆ.

ಪಾಠದ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ, ಶಾಸನ ನಿಲ್ಲುವುದಿಲ್ಲ. ಅವನ ಬಲವನ್ನೂ ಶೌರ್ಯವನ್ನೂ ಕುಲವನ್ನೂ ಅರಿತ ಪಲ್ಲವರು, ಇವನನ್ನು ಹಾಳುಮಾಡುವುದರಿಂದ ನಮಗೇನೂ ಲಾಭವಿಲ್ಲವೆಂದು ಯೋಚಿಸಿ, ಅವನನ್ನು ಬೇಗನೆ ಮಿತ್ರನನ್ನಾಗಿ ಮಾಡಿಕೊಂಡರು. ಅವನು ಅವರ ಸೇವೆಗೆ ಸೇರಿ, ಯುದ್ಧಗಳಲ್ಲಿ ಪರಾಕ್ರಮ ತೋರಿಸಿ ಮೆಚ್ಚಿಸಿದ. ಆಮೇಲೆ ಪಲ್ಲವರು ತಮ್ಮ ಕೈಗಳೆಂಬ ಚಿಗುರುಗಳಿಂದ ಅವನಿಗೆ ಪಟ್ಟ ಕಟ್ಟಿದರು. ಪಲ್ಲವ ಎಂದರೆ ಚಿಗುರು ಎಂಬ ಶ್ಲೇಷೆಯನ್ನು ಕವಿ ಇಲ್ಲಿ ಬಿಟ್ಟುಕೊಟ್ಟಿಲ್ಲ. ಪಟ್ಟದ ಜೊತೆಗೆ ಏರಿಳಿಯುವ ಅಲೆಗಳಿಂದ ಕುಣಿಯುವ ಪಶ್ಚಿಮ ಸಮುದ್ರದಿಂದ ಪ್ರೇಹಾರದವರೆಗಿನ ನೆಲವನ್ನೂ, ಅದರೊಳಗೆ ಬೇರೆಯವರು ಪ್ರವೇಶಿಸಬಾರದೆಂಬ ಕಟ್ಟುಪಾಡನ್ನೂ ಕೊಟ್ಟರು. ಪ್ರೇಹಾರ ಯಾವುದು ಎಂಬುದರಲ್ಲಿ ವಿದ್ವಾಂಸರ ನಡುವೆ ಒಮ್ಮತವಿಲ್ಲ, ಆದರೆ ಪಶ್ಚಿಮ ಸಮುದ್ರದ ಬಗ್ಗೆ ಅನುಮಾನವೇ ಇಲ್ಲ.

ನಿಮ್ಮ ವಿದ್ಯಾರ್ಥಿನಿಯ "ಯಾಕೆ ಬಂದ" ಎಂಬ ಪ್ರಶ್ನೆಗೆ ನನ್ನ ಉತ್ತರ ಇದು. ಬನವಾಸಿಯಲ್ಲಿ ಕದಂಬರಿಗಿಂತ ಮೊದಲು ಚುಟು ಮನೆತನದ ಸಾತಕರ್ಣಿಗಳು ಆಳುತ್ತಿದ್ದರು. ಆ ಆಳ್ವಿಕೆ ಮುಗಿದ ಮೇಲೆ ಕಂಚಿಯಿಂದ ಅಷ್ಟು ದೂರದ ಮಲೆನಾಡನ್ನು ಹಿಡಿತದಲ್ಲಿಟ್ಟುಕೊಳ್ಳುವುದು ಪಲ್ಲವರಿಗೆ ಸುಲಭವಾಗಿರಲಿಕ್ಕಿಲ್ಲ. ತಮ್ಮ ಅಂಗಳದ ಕಾಡಿನಲ್ಲಿ ಕುಳಿತು ಕಪ್ಪ ಕೀಳುತ್ತಿದ್ದವನನ್ನು ಅಲ್ಲಿಂದ ಎಬ್ಬಿಸಿ, ತಮಗೆ ಆಳಲಾಗದ ದೂರದ ಸೀಮೆಗೆ ಅರಸನನ್ನಾಗಿ ಕಳಿಸಿದ್ದರಲ್ಲಿ ಅವರಿಗೂ ಲಾಭವಿತ್ತು, ಅವನಿಗೂ ಲಾಭವಿತ್ತು. ಈ ಕೊನೆಯ ಮಾತು ನನ್ನ ಊಹೆ ಎಂದೇ ಮಕ್ಕಳಿಗೆ ಹೇಳಿ. ಉಳಿದದ್ದು ಕಂಬದ ಮಾತು.

ಉತ್ತರ: ಕೋಟೆನಾಡಿನವನು

ಮೇಲಿನವರು ತಾಳಗುಂದವನ್ನು ವಿವರವಾಗಿ ಹೇಳಿದ್ದಾರೆ. ನಾನು ಚಿತ್ರದುರ್ಗದವನಾದ್ದರಿಂದ ಚಂದ್ರವಳ್ಳಿಯ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. ಮಯೂರಶರ್ಮನ ಸ್ವಂತ ಕಾಲದ್ದೆಂದು ಎಣಿಸುವ ಶಾಸನ ಇರುವುದು ನಮ್ಮಲ್ಲಿ.

ಬೆಟ್ಟಗಳ ನಡುವಿನ ಆ ಕಣಿವೆಯಲ್ಲಿ, ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಮೂರು ಸಾಲಿನ ಬರಹವಿದೆ. ಭಾಷೆ ಪ್ರಾಕೃತ. ಕದಂಬರ ಮಯೂರಶರ್ಮನು ನಿರ್ಮಿಸಿದ ತಟಾಕ ಎಂಬ ಅರ್ಥದ ಮಾತಿನಿಂದ ಅದು ಶುರುವಾಗುತ್ತದೆ. ಅವನ ಹೆಸರು ಅಲ್ಲಿ 'ಮಯೂರಸಮ್ಮ' ಎಂಬ ಪ್ರಾಕೃತ ರೂಪದಲ್ಲಿದೆ. ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು 1929ರಲ್ಲಿ ಇದನ್ನು ಬೆಳಕಿಗೆ ತಂದು ಓದಿದಾಗ, ಕೆರೆ ಕಟ್ಟಿಸಿದವನು ತ್ರೈಕೂಟಕ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸಯಿಂದಕ, ಪುನ್ನಾಟ, ಮೌಖರಿ ಇವರನ್ನೆಲ್ಲ ಗೆದ್ದವನು ಎಂಬ ಪಟ್ಟಿ ಅದರಲ್ಲಿದೆ ಎಂದರು. ಮಯೂರಶರ್ಮ ಉತ್ತರ ಭಾರತದವರೆಗೂ ದಂಡೆತ್ತಿ ಹೋಗಿದ್ದ ಎಂದು ಕೆಲವು ಪುಸ್ತಕಗಳು ಬರೆಯುವುದು ಈ ಓದಿನ ಬಲದ ಮೇಲೆ. ಆದರೆ ಬಂಡೆ ಬಹಳ ಸವೆದಿದೆ. ಆಮೇಲೆ ಬಂದ ಶಾಸನತಜ್ಞರಲ್ಲಿ ಹಲವರು ಈ ಪಟ್ಟಿಯನ್ನು ಒಪ್ಪಿಲ್ಲ. ಕೆರೆಯ ಮಾತು ಖಚಿತ, ದಿಗ್ವಿಜಯದ ಮಾತು ಖಚಿತವಲ್ಲ ಎಂಬುದು ಅವರ ನಿಲುವು.

ಅಕ್ಷರ ಓದುವ ಪಾಂಡಿತ್ಯ ನನಗಿಲ್ಲ, ಆದರೂ ಸಾಮಾನ್ಯ ಬುದ್ಧಿಗೆ ಒಂದು ವಿಷಯ ತೋರುತ್ತದೆ. ಮೌಖರಿಗಳನ್ನೂ ಶಕಸ್ಥಾನವನ್ನೂ ಗೆದ್ದ ಪೂರ್ವಜನಿದ್ದಿದ್ದರೆ, ತಾಳಗುಂದದಲ್ಲಿ 34 ಪದ್ಯ ಬರೆದ ಕವಿ ಅದನ್ನು ಬಿಡುತ್ತಿದ್ದನೇ? ಗಡಿಯ ಅಂತಪಾಲರನ್ನು ಸೋಲಿಸಿದ್ದನ್ನೂ ಬಿಡದೆ ಹೇಳುವ ಹೊಗಳಿಕೆಯ ಶಾಸನ ಅದು. ವಂಶದವರೇ ಹೇಳಿಕೊಳ್ಳದ ಗೆಲುವನ್ನು ನಾವು ಅವನ ಹೆಸರಿಗೆ ಬರೆಯುವಾಗ ಎಚ್ಚರ ಬೇಕು.

ಚಂದ್ರವಳ್ಳಿಯನ್ನು ಕದಂಬರ ಊರು ಎಂದಷ್ಟೇ ತಿಳಿಯಬಾರದು. ಅಲ್ಲಿನ ಉತ್ಖನನದಲ್ಲಿ ಸಾತವಾಹನರ ನಾಣ್ಯಗಳು ಸಿಕ್ಕಿವೆ, ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಕೂಡ ಅಲ್ಲಿ ಅಗೆಸಿದ್ದರು. ಹಳೆಯ ವ್ಯಾಪಾರದ ನೆಲೆಯೊಂದರಲ್ಲಿ ಹೊಸ ಅರಸ ನೀರಿನ ಕೆಲಸ ಮಾಡಿಸಿದ್ದಾನೆ. ಕತ್ತಿಯ ಕಥೆಗಿಂತ ಇದು ನನಗೆ ದೊಡ್ಡದಾಗಿ ಕಾಣುತ್ತದೆ. ಕಾಡಿನಲ್ಲಿ ಅವಿತು ಕಪ್ಪ ಕೀಳುವವನಿಗೆ ಕೆರೆ ಕಟ್ಟುವ ಪ್ರಮೇಯವಿರುವುದಿಲ್ಲ. ಇಲ್ಲೇ ಇರುತ್ತೇನೆ, ಇಲ್ಲಿನ ಬೆಳೆಯಲ್ಲಿ ನನಗೂ ಪಾಲಿದೆ ಎಂದು ನಿಶ್ಚಯಿಸಿದವನು ಮಾತ್ರ ಏರಿ ಹಾಕಿಸಿ ತೂಬು ಇಡಿಸುತ್ತಾನೆ.

ಮರುಪ್ರಶ್ನೆ: ಸಮಾಜಶಿಕ್ಷಕಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಲ್ಲವರು ಅವನನ್ನು ಸೇವೆಗೆ ಸೇರಿಸಿಕೊಂಡು, ಆಮೇಲೆ ಪಟ್ಟ ಕಟ್ಟಿದರು ಎಂಬ ಭಾಗವನ್ನು ನಾನು ಇಷ್ಟು ವರ್ಷ ಪಾಠದಲ್ಲಿ ಹೇಳಿಯೇ ಇಲ್ಲವೆಂದು ನೆನೆದು ಬೇಸರವಾಯಿತು.

ಇನ್ನೆರಡು ಸಂದೇಹಗಳಿವೆ. ಅವನು 18 ಅಶ್ವಮೇಧ ಮಾಡಿದನೆಂದು ಅನೇಕ ಕಡೆ ಓದಿದ್ದೇನೆ. ಪಲ್ಲವರಿಂದ ಪಟ್ಟ ಕಟ್ಟಿಸಿಕೊಂಡವನು ಅಷ್ಟು ಅಶ್ವಮೇಧಗಳನ್ನು ಮಾಡಲು ಸಾಧ್ಯವೇ? ಹಾಗೆಯೇ, ಕೆಲವರು ಮಯೂರಶರ್ಮ ಎನ್ನುತ್ತಾರೆ, ಕೆಲವರು ಮಯೂರವರ್ಮ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ವರದಾತೀರ

ಶಿಕ್ಷಕಿಯವರಿಗೆ ನಮಸ್ಕಾರ. ನಮ್ಮ ಊರು ಶಿರಸಿ ಸೀಮೆ. ಮಯೂರವರ್ಮ ಎಂಬ ಹೆಸರನ್ನು ನಾನು ಶಾಲೆಗೆ ಹೋಗುವ ಮೊದಲೇ ಕೇಳಿದ್ದೆ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅಜ್ಜ, ನಮ್ಮ ಹಿರಿಯರನ್ನು ಉತ್ತರದ ಅಹಿಚ್ಛತ್ರದಿಂದ ಕರೆತಂದು ಇಲ್ಲಿ ನೆಲೆಗೊಳಿಸಿದವನು ಮಯೂರವರ್ಮ ಎಂದು ಹೇಳುತ್ತಿದ್ದ. ಕೇಳುತ್ತಾ ನಾವು ಮಕ್ಕಳು ಅಡಿಕೆ ರಾಶಿಯ ಪಕ್ಕದಲ್ಲೇ ನಿದ್ದೆಹೋಗುತ್ತಿದ್ದೆವು. ಈ ಕಥೆ ನಮ್ಮ ಮನೆಯದಷ್ಟೇ ಅಲ್ಲ, ತುಳುನಾಡಿನ 'ಗ್ರಾಮಪದ್ಧತಿ' ಎಂಬ ಗ್ರಂಥದಲ್ಲೂ 32 ಗ್ರಾಮಗಳ ಲೆಕ್ಕದೊಂದಿಗೆ ಬರುತ್ತದೆ. ತಾಳಗುಂದದಲ್ಲೇ ಇರುವ, ಬಹಳ ಕಾಲದ ಮೇಲಿನ ಮತ್ತೊಂದು ಶಾಸನದಲ್ಲಿ ಇದೇ ಕಥೆ ಮುಕ್ಕಣ್ಣ ಕದಂಬನ ಹೆಸರಿನಲ್ಲಿದೆ: ಅವನು ಅಹಿಚ್ಛತ್ರದಿಂದ 32 ಮನೆತನಗಳ 12,000 ಬ್ರಾಹ್ಮಣರನ್ನು ತಂದು ಅಗ್ರಹಾರದಲ್ಲಿ ನೆಲೆಗೊಳಿಸಿದನಂತೆ.

ಗಮನಿಸಬೇಕಾದದ್ದೇನೆಂದರೆ, ಹಳೆಯ ಕಂಬದಲ್ಲಿ ಅಹಿಚ್ಛತ್ರದ ಮಾತೇ ಇಲ್ಲ; ಅಲ್ಲಿರುವುದು ಮನೆಯಂಗಳದ ಕದಂಬ ಮರ. ಕಾಲ ಸರಿದಂತೆ ಮೂಲಪುರುಷ ದೊಡ್ಡವನಾಗುತ್ತಾ ಹೋದ. ಹಾನಗಲ್ಲು ಮತ್ತು ಗೋವೆಯ ಕದಂಬರ ಕಾಲಕ್ಕೆ ಬರುವಷ್ಟರಲ್ಲಿ, ಶಿವನ ಬೆವರು ಕದಂಬ ಮರದ ಬುಡಕ್ಕೆ ಬಿದ್ದು ಮೂರು ಕಣ್ಣಿನ ವೀರ ಹುಟ್ಟಿದ ಎಂಬ ಪುರಾಣವೇ ಬೆಳೆದಿತ್ತು. ನೀವು ಕೇಳಿದ 18 ಅಶ್ವಮೇಧಗಳೂ ಇದೇ ಸಾಲಿಗೆ ಸೇರಿದವು. ತಾಳಗುಂದದ ಕವಿ ಮಯೂರಶರ್ಮನ ಅಶ್ವಮೇಧದ ಸುದ್ದಿಯನ್ನೇ ಎತ್ತಿಲ್ಲ. ಅವನನ್ನು ಅಭಿಷೇಕಿಸಿದವರು ಷಣ್ಮುಖ ಮತ್ತು ಮಾತೃದೇವತೆಗಳು ಎನ್ನುತ್ತಾನೆ. ಅಜ್ಜನ ಕಥೆಯನ್ನು ನಾನು ಸುಳ್ಳು ಎನ್ನಲಾರೆ. ತಮ್ಮ ಬೇರು ಎಲ್ಲಿದೆ ಎಂದು ಹುಡುಕಿದ ಜನ ಈ ಅರಸನ ಹೆಸರನ್ನು ಹಿಡಿದುಕೊಂಡರು ಎಂಬುದಂತೂ ಸತ್ಯ, ಅದೂ ಅವನ ಉಳಿಕೆಯೇ. ಆದರೆ ಪರೀಕ್ಷೆಯಲ್ಲಿ ಬರೆಯುವ ಉತ್ತರಕ್ಕೆ ಅದು ಆಧಾರವಾಗುವುದಿಲ್ಲ.

ಹೆಸರಿನ ವಿಷಯ. 'ಶರ್ಮ' ಬ್ರಾಹ್ಮಣರ ಹೆಸರಿಗೆ, 'ವರ್ಮ' ಕ್ಷತ್ರಿಯರ ಹೆಸರಿಗೆ ಸೇರುವ ಮಾತು. ತಾಳಗುಂದ ಮತ್ತು ಚಂದ್ರವಳ್ಳಿ ಎರಡರಲ್ಲೂ 'ಶರ್ಮ' ಎಂದೇ ಇದೆ. ತಾಳಗುಂದದ ವಂಶಾವಳಿಯಲ್ಲಿ 'ವರ್ಮ' ಶುರುವಾಗುವುದು ಮಗ ಕಂಗವರ್ಮನಿಂದ. ಮಯೂರನಿಗೂ 'ವರ್ಮ' ಹಚ್ಚಿದ್ದು ಆಮೇಲಿನವರು. ಇಲ್ಲೊಂದು ಸೂಕ್ಷ್ಮವಿದೆ. ಬನವಾಸಿಯ ಹತ್ತಿರದ ಗುಡ್ನಾಪುರದಲ್ಲಿ ಸಿಕ್ಕ, ಮುಂದಿನ ಕದಂಬ ಅರಸ ರವಿವರ್ಮನ ಕಂಬದ ಶಾಸನ, ವೀರಶರ್ಮ ಮಯೂರನ ಅಜ್ಜ ಎಂದೂ, ತಂದೆಯ ಹೆಸರು ಬಂಧುಷೇಣ ಎಂದೂ, ಆ ಬಂಧುಷೇಣನೇ ಕ್ಷತ್ರಿಯ ಸ್ವಭಾವವನ್ನು ಬೆಳೆಸಿಕೊಂಡಿದ್ದ ಎಂದೂ ತಿಳಿಸುತ್ತದೆ. ಹಾಗಾದರೆ ಒಂದೇ ದಿನದ ಜಗಳದಲ್ಲಿ, ಒಂದೇ ಅವಮಾನದಿಂದ ದರ್ಭೆ ಬಿಟ್ಟು ಕತ್ತಿ ಹಿಡಿದ ಎಂಬ ಚಿತ್ರವನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ. ಆ ಮನೆಯಲ್ಲಿ ಆಯುಧದ ಒಲವು ಒಂದು ತಲೆಮಾರಿನ ಹಿಂದೆಯೇ ಬಂದಿತ್ತು. ಕಂಚಿಯ ಜಗಳ ಅದಕ್ಕೆ ಕಿಡಿ ತಾಗಿಸಿತು ಎಂದು ನಾನು ತಿಳಿಯುತ್ತೇನೆ. ಹಾಗಿಲ್ಲದಿದ್ದರೆ ವೇದ ಓದಲು ಹೋದ ಹುಡುಗನ ಹಿಂದೆ ಗಡಿಯ ಕಾವಲುಗಾರರನ್ನು ಸೋಲಿಸುವಷ್ಟು ಜನ ಎಲ್ಲಿಂದ ಬಂದರು?

ಉತ್ತರ: ಕದಂಬಕುಲ

ಎಲ್ಲರ ಅಭಿಪ್ರಾಯಗಳನ್ನೂ ಗೌರವದಿಂದ ಓದಿದೆ. ಆದರೂ ಒಂದು ಮಾತನ್ನು ಹೇಳದೆ ಇರಲಾರೆ. ಕನ್ನಡ ನೆಲದಿಂದಲೇ ಎದ್ದು ಕನ್ನಡ ನೆಲವನ್ನು ಆಳಿದ ಮೊದಲ ಅರಸುಮನೆತನ ಎಂದು ನಾವೆಲ್ಲ ಕದಂಬರನ್ನು ಅಭಿಮಾನದಿಂದ ನೆನೆಯುತ್ತೇವೆ. ಅಂಥ ಮನೆತನದ ಮೂಲಪುರುಷ ಪಲ್ಲವರ ಸೇವೆಯಲ್ಲಿದ್ದ, ಅವರು ಕೊಟ್ಟ ನೆಲದಲ್ಲಿ ರಾಜನಾದ ಎಂದು ಮಕ್ಕಳಿಗೆ ಹೇಳಿದರೆ ಅವನ ಸಾಧನೆಯನ್ನು ಕಿರಿದು ಮಾಡಿದಂತಾಗುವುದಿಲ್ಲವೇ? ಕಂಚಿಯ ದೊಡ್ಡ ಸೈನ್ಯವನ್ನು ರಾತ್ರಿಯ ದಾಳಿಗಳಿಂದ ಕಂಗೆಡಿಸಿ, ಸಂಧಿಗೆ ಬರುವಂತೆ ಮಾಡಿದವನು ಗೆದ್ದವನೇ. ಪಲ್ಲವರು ಕೊಟ್ಟರು ಎನ್ನುವುದು ಸೋತವರ ಮರ್ಯಾದೆ ಉಳಿಸುವ ಮಾತು ಎಂದು ನನಗನ್ನಿಸುತ್ತದೆ.

ಉತ್ತರ: ಶಾಸನಾಸಕ್ತ

ಕದಂಬಕುಲ ಅವರೇ, ನಿಮ್ಮ ಅಭಿಮಾನ ನನ್ನದೂ ಹೌದು. ಆದರೆ ಪಲ್ಲವರು ಪಟ್ಟ ಕಟ್ಟಿದರು ಎಂದು ಬರೆದವನು ಪಲ್ಲವರ ಕವಿಯಲ್ಲ, ಕದಂಬರ ಕವಿ. ಅವನಿಗೆ ಸೋತವರ ಮರ್ಯಾದೆ ಉಳಿಸುವ ಹಂಗಿರಲಿಲ್ಲ. ಆ ಕಾಲಕ್ಕೆ ಕದಂಬರು ಎಷ್ಟು ಗಟ್ಟಿಯಾಗಿ ನಿಂತಿದ್ದರೆಂದರೆ, ಕಾಕುಸ್ಥವರ್ಮನು ತನ್ನ ಹೆಣ್ಣುಮಕ್ಕಳೆಂಬ ಕಿರಣಗಳಿಂದ ಗುಪ್ತರೇ ಮೊದಲಾದ ರಾಜಕುಲಗಳೆಂಬ ತಾವರೆಗಳನ್ನು ಅರಳಿಸಿದ ಸೂರ್ಯ ಎಂದು ಅದೇ ಕಂಬ ಹೊಗಳುತ್ತದೆ. ಅಂಥ ಸ್ಥಿತಿಯಲ್ಲಿದ್ದ ಮನೆತನ ತನ್ನ ಹಿರಿಯ ಒಮ್ಮೆ ಪಲ್ಲವರ ಸೇವೆ ಮಾಡಿದ್ದನ್ನು ಕಲ್ಲಿನಲ್ಲಿ ಕೆತ್ತಿಸಲು ನಾಚಲಿಲ್ಲ. ನಾವೇಕೆ ನಾಚಬೇಕು?

ಆ ಒಪ್ಪಂದದ ತೂಕವನ್ನೂ ಸರಿಯಾಗಿ ಅಳೆಯಬೇಕು. ಬೇರೆಯವರು ಪ್ರವೇಶಿಸಬಾರದು ಎಂಬ ಷರತ್ತಿನ ಮೇಲೆ ನೆಲ ಪಡೆದವನು ಬರಿಯ ಅಧಿಕಾರಿಯಾಗಿ ಉಳಿಯುವುದಿಲ್ಲ. ಕಾಲವೂ ಅವನಿಗೆ ಅನುಕೂಲವಾಗಿತ್ತು. ಸಮುದ್ರಗುಪ್ತನ ಅಲಹಾಬಾದ್ ಸ್ತಂಭಶಾಸನ ದಕ್ಷಿಣಾಪಥದಲ್ಲಿ ಅವನು ಸೆರೆಹಿಡಿದು ಬಿಟ್ಟುಕೊಟ್ಟ ಅರಸರ ಸಾಲಿನಲ್ಲಿ ಕಂಚಿಯ ವಿಷ್ಣುಗೋಪನನ್ನು ಹೆಸರಿಸುತ್ತದೆ. ಕದಂಬರ ಹೆಸರು ಅಲ್ಲಿಲ್ಲ. ಮಯೂರಶರ್ಮನ ಆಳ್ವಿಕೆ ಕ್ರಿ.ಶ. 345ರ ಸುಮಾರಿಗೆ ಆರಂಭವಾಯಿತೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಆ ದಂಡಯಾತ್ರೆ ನಡೆದದ್ದೂ ಸರಿಸುಮಾರು ಅದೇ ಕಾಲದಲ್ಲಿ. ಆದ್ದರಿಂದ ಕಂಚಿಗೆ ಬಿದ್ದ ಆ ಪೆಟ್ಟಿಗೂ ಬನವಾಸಿಯ ಏಳಿಗೆಗೂ ನಂಟಿದೆ ಎಂದು ಹಲವು ಇತಿಹಾಸಕಾರರು ಭಾವಿಸಿದ್ದಾರೆ. ನಂಟು ಇರಲಿ ಇಲ್ಲದಿರಲಿ, ಎಲ್ಲಿ ಹೊಡೆಯಬೇಕು, ಎಲ್ಲಿ ನಿಲ್ಲಿಸಬೇಕು, ಯಾವ ಬೆಲೆಗೆ ಸಂಧಿ ಮಾಡಿಕೊಳ್ಳಬೇಕು ಎಂಬ ಲೆಕ್ಕ ಆ ಯುವಕನಿಗೆ ಚೆನ್ನಾಗಿ ಗೊತ್ತಿತ್ತು. ಕಂಚಿಯ ಸಿಂಹಾಸನಕ್ಕೇ ಹಟ ಹಿಡಿದಿದ್ದರೆ ಅವನ ಕಥೆ ಶ್ರೀಪರ್ವತದ ಕಾಡಿನಲ್ಲೇ ಮುಗಿದುಹೋಗುತ್ತಿತ್ತು, ನಮಗೆ ಅವನ ಹೆಸರೂ ತಿಳಿಯುತ್ತಿರಲಿಲ್ಲ.

ಕನ್ನಡದ ವಿಷಯದಲ್ಲೂ ಇಷ್ಟೇ ನಿಖರವಾಗಿರೋಣ. ಚಂದ್ರವಳ್ಳಿ ಪ್ರಾಕೃತದಲ್ಲಿದೆ, ತಾಳಗುಂದದ ಕಂಬ ಸಂಸ್ಕೃತದಲ್ಲಿದೆ. ಕನ್ನಡ ಕಲ್ಲಿನ ಮೇಲೆ ನಮಗೆ ದೊರೆಯುವುದು ಅವನು ಕಟ್ಟಿದ ರಾಜ್ಯ ನೆಲೆನಿಂತ ಮೇಲೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು 450ರದ್ದು; ಅದರಲ್ಲಿ ಕದಂಬ ಕಾಕುಸ್ಥನ ಹೆಸರಿದೆ. ಈಚೆಗೆ ತಾಳಗುಂದದ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನದ (ಸಿಂಹದ ಕೆತ್ತನೆಯಿರುವ ಮೆಟ್ಟಿಲ ಪಕ್ಕದ ಕಲ್ಲಿನ) ಬರಹವನ್ನು ಪುರಾತತ್ವ ಇಲಾಖೆ 370ರ ಸುಮಾರಿನದ್ದೆಂದು ಗುರುತಿಸಿದೆ. ಮಯೂರಶರ್ಮ ಕನ್ನಡದಲ್ಲಿ ಬರೆಸಿದ ಎನ್ನಲು ಆಧಾರವಿಲ್ಲ, ಆದರೆ ಕನ್ನಡ ಬರಹಕ್ಕೆ ಇಳಿಯಬಹುದಾದ ಅಂಗಳವನ್ನು ಅವನ ವಂಶ ಒದಗಿಸಿತು ಎನ್ನಲು ಅಡ್ಡಿಯಿಲ್ಲ.

ಅವನ ನಿಜವಾದ ಉಳಿಕೆ ಇನ್ನೊಂದು ಕಡೆಗಿದೆ, ಅದು ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬದಲ್ಲಿ ಚುಟು ಅರಸ ತನ್ನನ್ನು ಮಾನವ್ಯ ಗೋತ್ರದವನು, ಹಾರೀತೀಪುತ್ರ, ವೈಜಯಂತೀಪುರದ ರಾಜ ಎಂದು ಕರೆದುಕೊಳ್ಳುತ್ತಾನೆ. ವೈಜಯಂತಿ ಎಂದರೆ ಬನವಾಸಿ. ಕದಂಬರು ಅದೇ ಗೋತ್ರವನ್ನೂ ಅದೇ ಬಿರುದನ್ನೂ ಹೇಳಿಕೊಂಡರು. ಅವರ ಬಳಿಕ ಬಾದಾಮಿಯ ಚಾಲುಕ್ಯರು ಕೂಡ ತಮ್ಮ ತಾಮ್ರಪಟಗಳಲ್ಲಿ ಮಾನವ್ಯ ಗೋತ್ರ, ಹಾರೀತೀಪುತ್ರ, ಮಾತೃಕೆಯರು, ಕಾರ್ತಿಕೇಯ ಎಂದು ಅದೇ ಸಾಲನ್ನು ಮುಂದುವರಿಸಿದರು. ಕದಂಬರನ್ನು ಸೋಲಿಸಿದವರೂ ಅವರೇ: ಕೀರ್ತಿವರ್ಮ ಕದಂಬರ ಪಾಲಿಗೆ ಕಾಳರಾತ್ರಿಯಾದ ಎಂದೂ, ಇಮ್ಮಡಿ ಪುಲಕೇಶಿ ವರದೆಯಿಂದ ಸುತ್ತುವರಿದ ಬನವಾಸಿಗೆ ಮುತ್ತಿಗೆ ಹಾಕಿದ ಎಂದೂ 634ರ ಐಹೊಳೆ ಶಾಸನ ಹೇಳುತ್ತದೆ. ಊರನ್ನು ಗೆದ್ದರು, ಅರಸನಾಗುವ ಬಗೆಯನ್ನು ಮಾತ್ರ ಸೋತವರಂತೆಯೇ ಹೇಳಿಕೊಂಡರು. ಇಂದು ಗೋವಾಕ್ಕೆ ಹೋದರೆ ಅಲ್ಲಿನ ಸರ್ಕಾರಿ ಬಸ್ಸಿನ ಮೇಲೂ ಕದಂಬ ಎಂದೇ ಬರೆದಿರುತ್ತದೆ.

ಕೊನೆಯ ಪ್ರತಿಕ್ರಿಯೆ: ಸಮಾಜಶಿಕ್ಷಕಿ

ಇಂದು ತರಗತಿಯಲ್ಲಿ ಆ ಹುಡುಗಿಯನ್ನೇ ಮುಂದೆ ಕರೆದು, ಭೂಪಟದ ಮೇಲೆ ಕಂಚಿ, ಶ್ರೀಶೈಲ, ಬನವಾಸಿ, ಚಿತ್ರದುರ್ಗ, ತಾಳಗುಂದ ಇವನ್ನು ಗುರುತಿಸಲು ಹೇಳಿದೆ. ಗೆರೆ ಎಳೆದು ನೋಡಿದ ಮೇಲೆ ಅವಳೇ, "ಹಾಗಾದರೆ ಅವನು ಅರ್ಧ ಗೆದ್ದ, ಅರ್ಧ ಒಪ್ಪಂದ ಮಾಡಿಕೊಂಡ" ಎಂದಳು. ಇಡೀ ತರಗತಿ ಒಪ್ಪಿತು. ಬೇಸಿಗೆಗೆ ಮೊದಲು ಮಕ್ಕಳನ್ನು ತಾಳಗುಂದಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಅಲ್ಲಿ ಏನನ್ನು ತಪ್ಪದೆ ತೋರಿಸಬೇಕು?

ಉತ್ತರ: ಶಾಸನಾಸಕ್ತ

ಕಂಬವನ್ನು ನೋಡಿದ ಮೇಲೆ ಕೆರೆಯ ವಿಷಯ ಹೇಳುವುದನ್ನು ಮರೆಯಬೇಡಿ. ಆ ಕಂಬ ನೆಟ್ಟದ್ದು ಯುದ್ಧದ ನೆನಪಿಗೆ ಅಲ್ಲ. ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದ ಆ ಶಿವಾಲಯಕ್ಕೆ ನೀರಿನ ಅನುಕೂಲವಾಗಲೆಂದು ಕಾಕುಸ್ಥವರ್ಮ ದೊಡ್ಡ ಕೆರೆ ಕಟ್ಟಿಸಿದ; ಅದನ್ನು ದಾಖಲಿಸಲು ಮಗ ಶಾಂತಿವರ್ಮ ಈ ಕಾವ್ಯ ಬರೆಸಿದ. ಮಯೂರಶರ್ಮನ ಇಡೀ ಸಾಹಸ ನಮಗೆ ತಲುಪಿರುವುದು ಒಂದು ಕೆರೆಯ ಪೀಠಿಕೆಯಾಗಿ. ಕೋಟೆನಾಡಿನವರು ಹೇಳಿದ ಚಂದ್ರವಳ್ಳಿಯ ಬಂಡೆಯದ್ದೂ ಕೆರೆಯ ಮಾತೇ ಎಂಬುದನ್ನು ಜೊತೆಗೆ ಸೇರಿಸಿ ಹೇಳಿ.

ಕೊನೆಯ ಪದ್ಯಗಳಲ್ಲಿ ಕವಿ ತನ್ನ ಹೆಸರು ಹೇಳಿಕೊಂಡು, ಶಾಂತಿವರ್ಮನ ಅಪ್ಪಣೆಯಂತೆ ಕುಬ್ಜನು ತನ್ನ ಕಾವ್ಯವನ್ನು ತಾನೇ ಈ ಕಲ್ಲಿನ ಮೇಲೆ ಬರೆದನು ಎನ್ನುತ್ತಾನೆ. ಬೆಳಗಿನ ಓರೆ ಬಿಸಿಲು ಬೀಳುವ ಹೊತ್ತಿಗೆ ತಲುಪಿದರೆ ಅಕ್ಷರಗಳ ತಲೆಯ ಮೇಲಿನ ಚೌಕಗಳು ಬರಿಗಣ್ಣಿಗೇ ಎದ್ದು ಕಾಣುತ್ತವೆ. ಆ ಹುಡುಗಿಗೆ ಅದನ್ನು ತೋರಿಸಿ.